ತೊಗರಿ ಬೇರಿನ ಗಂಟು



ಚಂದಾಪುರದ ಸುತ್ತ ನಮ್ಮೆಲ್ಲರ ಬದುಕು ತೊಗರಿಯ ಮೇಲಿದೆ. ಮಳೆ, ದರ ನಮ್ಮ ಕೈಯಲ್ಲಿಲ್ಲ. ಗೊಬ್ಬರದ ಖರ್ಚು ಇದೆ. ಮಳೆಯಾಶ್ರಿತ ತೊಗರಿಗೆ ಎಕರೆಗೆ ಸುಮಾರು 10 ಕಿಲೊ ಸಾರಜನಕ, 20 ಕಿಲೊ ರಂಜಕ ಸಾಕು. 50 ಕಿಲೊ ಡಿಎಪಿ ಚೀಲದಲ್ಲೇ 9 ಮತ್ತು 23 ಕಿಲೊ ಇರುತ್ತವೆ. ಅದರ ಮೇಲೆ ಯೂರಿಯಾ ಯಾಕೆ? ನಾನೂ ಹಲವು ವರ್ಷ ಹಾಕಿದವನೇ. ಗಿಡ ಎತ್ತರ ಬೆಳೆಯಿತು, ಕಾಯಿ ಹೆಚ್ಚಲಿಲ್ಲ.

ಮಿಕ್ಕ ಸಾರಜನಕವನ್ನು ಬೇರಿನ ಗಂಟಿನಲ್ಲಿರುವ ರೈಜೋಬಿಯಂ ಗಾಳಿಯಿಂದಲೇ ಹಿಡಿದು ಕೊಡುತ್ತದೆ. ಬಿತ್ತುವ ಮುನ್ನ ಬೆಲ್ಲದ ಪಾಕದಲ್ಲಿ ಅದನ್ನು ಬೀಜಕ್ಕೆ ಲೇಪಿಸಿ, ನೆರಳಲ್ಲಿ ಆರಿಸಿ. ಬಿಸಿಲಿಗಿಟ್ಟರೆ ಸತ್ತುಹೋಗುತ್ತದೆ. ತಿಂಗಳೂವರೆ ಕಳೆದ ಮೇಲೆ ಒಂದು ಗಿಡವನ್ನು ಮಣ್ಣುಸಮೇತ ಅಗೆಯಿರಿ. ಕಿತ್ತರೆ ಗಂಟು ಎರೆಮಣ್ಣಿನಲ್ಲೇ ಉಳಿದುಬಿಡುತ್ತದೆ. ಗಂಟು ಸೀಳಿದಾಗ ಒಳಗೆ ನಸುಗೆಂಪು ಕಂಡರೆ ಕೆಲಸ ನಡೆದಿದೆ ಎಂದರ್ಥ. ನಂಬದವರು ಶ್ರಾವಣದಲ್ಲಿ ನನ್ನ ಹೊಲಕ್ಕೆ ಬನ್ನಿ, ಅಗೆದು ತೋರಿಸುತ್ತೇನೆ.