ಮಕ್ಕಳ ಕೈಯಲ್ಲಿ ಗಾಡಿ, ಹಿರಿಯರ ಕೈಯಲ್ಲಿ ಫೋನು

ಸಂಜೆ ಏಳು ಗಂಟೆ. ಕಾಲೇಜು ಮುಗಿಸಿ ಸ್ಕೂಟರಿನಲ್ಲಿ ಹೊರಟ ಮಗಳು ಇನ್ನೂ ಮನೆ ಸೇರಿಲ್ಲ. ತಾಯಿ ಅಡಿಗೆಮನೆಗೂ ಬಾಗಿಲಿಗೂ ನಾಲ್ಕು ಸಲ ಓಡಾಡಿದ್ದಾಗಿದೆ. ತಂದೆ ತಡೆಯಲಾರದೆ ಫೋನು ಮಾಡುತ್ತಾನೆ: "ಎಲ್ಲಿದ್ದೀಯಮ್ಮಾ?" ನಿಮ್ಮ ಮನೆಯಲ್ಲಿಯೂ ಇದು ದಿನನಿತ್ಯದ ಮಾತೇ ಅಲ್ಲವೆ?

ಆ ತಂದೆ ನಾನೇ. ಮಗಳಿಗೆ ಆಗ ೧೯ ವರ್ಷ. ಲೈಸೆನ್ಸು ಕೈಗೆ ಬಂದು ಮೂರು ತಿಂಗಳಾಗಿತ್ತು. "ಬರ್ತಾ ಇದೀನಪ್ಪಾ" ಎಂದಳು. ಮರುಕ್ಷಣವೇ ಗಾಡಿ ರಸ್ತೆಗೆ ಉಜ್ಜಿದ ಸದ್ದು; ಆಮೇಲೆ ಮೌನ. ಪುಣ್ಯಕ್ಕೆ ಮೊಣಕಾಲು ತರಚಿದ್ದಷ್ಟೆ. ಗಾಡಿ ಓಡಿಸುವಾಗ ಫೋನನ್ನೇಕೆ ತೆಗೆದೆ ಎಂದು ಗದರಿದೆ. "ಮಾಡಿದೋರು ನೀವೇ ಅಲ್ವಾಪ್ಪಾ? ತೆಗೀದಿದ್ರೂ ಬೈತೀರಿ" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಹುಡುಗರಿಗೆ ಬುದ್ಧಿ ಹೇಳುವುದು ಸುಲಭ. ಆದರೆ ಅವರ ಜೇಬಿನಲ್ಲಿ ಗಂಟೆ ಬಾರಿಸುವವರು ಎಷ್ಟೋ ಸಲ ನಾವೇ ಎಂಬುದನ್ನು ಮರೆಯುತ್ತೇವೆ.

ಗಂಟೆಗೆ ೪೦ ಕಿಲೋಮೀಟರು ಎಂದರೆ ಅದೇನು ಮಹಾ ವೇಗ ಎನ್ನುವಿರಿ. ಆ ವೇಗದಲ್ಲಿಯೂ ಗಾಡಿ ಸೆಕೆಂಡಿಗೆ ೧೧ ಮೀಟರು ಮುಂದೆ ಹೋಗುತ್ತದೆ. ಯಾರ ಕರೆಯೆಂದು ನೋಡಲು ಎರಡೇ ಸೆಕೆಂಡು ತಲೆ ತಗ್ಗಿಸಿದರೆ ೨೨ ಮೀಟರು. ಕ್ರಿಕೆಟ್ ಪಿಚ್ಚಿನ ಉದ್ದಕ್ಕಿಂತ ಹೆಚ್ಚು ದಾರಿಯನ್ನು ಕಣ್ಣು ಕಟ್ಟಿಕೊಂಡು ಸಾಗಿದಂತೆ! ಅಷ್ಟರೊಳಗೆ ದನವೊಂದು ಅಡ್ಡ ಬರಬಹುದು. ನಿಂತ ಆಟೋದಿಂದ ಮಗುವೊಂದು ಇಳಿಯಬಹುದು.

ಕಿವಿಗೆ ಇಯರ್‌ಫೋನು ಸಿಕ್ಕಿಸಿದರೆ, ಹೆಲ್ಮೆಟ್ಟಿನೊಳಗೆ ಫೋನು ತುರುಕಿದರೆ ಕೈ ಬಿಡುವಾಗಿರುತ್ತದೆಯಲ್ಲ ಎನ್ನುವವರಿದ್ದಾರೆ. ಕೈ ಬಿಡುವಾದರೂ ಮನಸ್ಸು ಬಿಡುವಾಗುವುದಿಲ್ಲ. ಮಾತಿನಲ್ಲಿ ಮುಳುಗಿದವನ ಕಣ್ಣಿಗೆ ಎದುರಿನ ವಸ್ತು ಬಿದ್ದರೂ ಬುದ್ಧಿಗೆ ತಟ್ಟುವುದು ತಡವಾಗುತ್ತದೆ. ಹೊಸದಾಗಿ ಗಾಡಿ ಹಿಡಿದವರಿಗಂತೂ ಬ್ರೇಕು, ತಿರುವು, ಹಿಂದಿನ ಗಾಡಿ ಎಲ್ಲವನ್ನೂ ಯೋಚಿಸಿಯೇ ಮಾಡಬೇಕು. ಅಭ್ಯಾಸದ ಬಲ ಇನ್ನೂ ಅವರಿಗೆ ಒದಗಿರುವುದಿಲ್ಲ.

ಕಾನೂನೂ ಇದನ್ನು ಹಗುರವಾಗಿ ಎಣಿಸಿಲ್ಲ. ೧೯೮೮ರ ಮೋಟಾರು ವಾಹನ ಕಾಯಿದೆಗೆ ೨೦೧೯ರಲ್ಲಿ ಆದ ತಿದ್ದುಪಡಿಯು, ಗಾಡಿ ಓಡಿಸುತ್ತಾ ಕೈಯಲ್ಲಿ ಫೋನು ಬಳಸುವುದನ್ನು ಅಪಾಯಕಾರಿ ಚಾಲನೆಯ ಸಾಲಿಗೆ ಸೇರಿಸಿತು. ೧೮ ತುಂಬದವರು ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರು ಅಥವಾ ಗಾಡಿಯ ಒಡೆಯರು ಹೊಣೆ. ೨೫,೦೦೦ ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ. ಆದುದರಿಂದ ಹೈಸ್ಕೂಲು ಹುಡುಗನ ಕೈಗೆ ಕೀಲಿ ಕೊಡುವುದು ಪ್ರೀತಿಯಲ್ಲ.

ಹಾಗಾದರೆ ಮಾಡಬೇಕಾದುದೇನು? ನಮ್ಮ ಮನೆಯಲ್ಲಿ ಒಂದು ಕಟ್ಟು ಮಾಡಿಕೊಂಡಿದ್ದೇವೆ. ಹೊರಡುವ ಮುನ್ನ ಮಗಳು "ಹೊರಟೆ" ಎಂದು ಒಂದು ಮಾತು ಕಳುಹಿಸುತ್ತಾಳೆ. ಫೋನಿನ ಸದ್ದು ಅಡಗಿಸಿ ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿಡುತ್ತಾಳೆ. ಅವಳು ಬಂದು ಸೇರುವವರೆಗೆ ನಾವು ಕರೆಯುವುದಿಲ್ಲ. ದಾರಿಯಲ್ಲಿ ತುರ್ತು ಮಾತಿದ್ದರೆ ಅವಳೇ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಇಳಿದು ಮಾತನಾಡಬೇಕು. ಜೊತೆಯಲ್ಲಿ ಗೆಳತಿಯಿದ್ದರೆ ಫೋನು ಗೆಳತಿಯ ಕೈಗೆ.

ಈ ಕಟ್ಟು ನನಗೂ ಅನ್ವಯಿಸುತ್ತದೆ. ನೂಲಿನಂತೆ ಸೀರೆ ಎಂಬ ಗಾದೆ ಸುಳ್ಳಲ್ಲ. ಮಗುವನ್ನು ಮುಂದೆ ನಿಲ್ಲಿಸಿಕೊಂಡು, ಕತ್ತು ವಾಲಿಸಿ ಫೋನಿನಲ್ಲಿ ಮಾತನಾಡುತ್ತ ಸ್ಕೂಟರು ಓಡಿಸುವ ತಂದೆಯೇ ಆ ಮಗುವಿನ ಮೊದಲ ಡ್ರೈವಿಂಗ್ ಮೇಷ್ಟ್ರು.

ಮೊದಲ ಕೆಲವು ದಿನ ಕಾಯುವುದು ಕಷ್ಟವಾಯಿತು. ಕೈ ತಾನಾಗಿ ಫೋನಿನ ಕಡೆ ಹೋಗುತ್ತಿತ್ತು. ಈಗ ಆ ಅರ್ಧ ಗಂಟೆ ನನ್ನ ಫೋನು ಸುಮ್ಮನಿದ್ದರೆ, ಮಗಳ ಕಣ್ಣು ರಸ್ತೆಯ ಮೇಲಿದೆ ಎಂದುಕೊಳ್ಳುತ್ತೇನೆ. ಇಂದು ಸಂಜೆ ನಿಮ್ಮ ಕೈಯೂ ಫೋನಿನ ಕಡೆ ಹೋದೀತು. ಒಂದಿಷ್ಟು ತಡೆಯಿರಿ. ಮಕ್ಕಳು ಬಾಗಿಲಿಗೆ ಬರಲಿ. ಆಮೇಲೆ ಕೇಳುವ ಮಾತು ಬೇಕಾದಷ್ಟಿದೆ.