ಹಬ್ಬದ ಸದ್ದು, ಮನೆಯ ನಾಯಿ



ದೀಪಾವಳಿ ಸಮೀಪಿಸಿತೆಂದರೆ ಹುಬ್ಬಳ್ಳಿ-ಧಾರವಾಡಗಳಲ್ಲಿ ಎರಡು ಬಗೆಯ ಸಿದ್ಧತೆಗಳು ನಡೆಯುತ್ತವೆ. ಒಂದು ಎಲ್ಲರಿಗೂ ತಿಳಿದದ್ದು: ದುರ್ಗದಬೈಲಿನಲ್ಲಿ ಹಣತೆ, ಆಕಾಶಬುಟ್ಟಿ, ಚೆಂಡುಹೂಗಳ ರಾಶಿ; ಅಂಗಡಿಗಳಲ್ಲಿ ಲಕ್ಷ್ಮೀಪೂಜೆಯ ಸಡಗರ; ಪಾಡ್ಯದ ದಿನ ಬಾಗಿಲಲ್ಲಿ ಸೆಗಣಿಯ ಪಾಂಡವರು. ಇನ್ನೊಂದು ಸಿದ್ಧತೆ ನಾಯಿ ಸಾಕಿದವರ ಮನೆಯದು. ಅಲ್ಲಿ ಕಿಟಕಿಗಳಿಗೆ ಕಂಬಳಿಗಳು ಬೀಳುತ್ತವೆ. ಹಿತ್ತಲ ಬಾಗಿಲಿನ ಅಗುಳಿ ಪರೀಕ್ಷಿಸಲ್ಪಡುತ್ತದೆ. ಮಂಚದ ಕೆಳಗಿನ ಪೆಟ್ಟಿಗೆಗಳು ಹೊರಬಂದು ಅಲ್ಲಿ ಒಂದು ಪ್ರಾಣಿಗೆ ಎಡೆಯಾಗುತ್ತದೆ. ಈ ಎರಡನೆಯ ಸಿದ್ಧತೆಯನ್ನು ಕುರಿತು ಕೆಲವು ಮಾತುಗಳನ್ನು ನಿಮ್ಮ ಮುಂದಿಡಬೇಕೆಂದಿದ್ದೇವೆ.

ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯಲ್ಲಿ ಮೋತಿ ಎಂಬ ಮುಧೋಳ ತಳಿಯ ನಾಯಿಯುಂಟು. ಮುಧೋಳದ ಘೋರ್ಪಡೆ ಅರಸರ ಆಶ್ರಯದಲ್ಲಿ ಹೆಸರಾದ ತಳಿಯಿದು. 2005ರಲ್ಲಿ ಭಾರತದ ಅಂಚೆ ಇಲಾಖೆಯು ಅಂಚೆಚೀಟಿಯ ಮೇಲೆ ಇದರ ಚಿತ್ರವನ್ನು ಅಚ್ಚುಹಾಕಿಸಿತು. ಕೆಲಗೇರಿ ಕೆರೆಯ ದಂಡೆಯಲ್ಲಿ ಬಿಟ್ಟರೆ ಮೋತಿ ಬಿಲ್ಲಿನಿಂದ ಹೊರಟ ಬಾಣ. ಬೀದಿಯ ನಾಲ್ಕು ನಾಯಿಗಳು ಒಟ್ಟಾಗಿ ಬಂದರೂ ಅದು ಹೆಜ್ಜೆ ಹಿಂದಿಟ್ಟುದನ್ನು ನಾವು ಕಂಡಿಲ್ಲ. ಆದರೆ ನಮ್ಮಲ್ಲಿಗೆ ಬಂದ ಮೊದಲ ವರ್ಷ, ನೀರು ತುಂಬುವ ಹಬ್ಬದ ಸಂಜೆ, ಎದುರು ಮನೆಯವರು ಒಂದು ಸರಪಟಾಕಿ ಹಚ್ಚಿದರು. ಮೋತಿ ಬಚ್ಚಲಿಗೆ ಓಡಿ, ಪೂಜೆಗೆಂದು ತೊಳೆದು ಸುಣ್ಣ-ಕೆಮ್ಮಣ್ಣು ಬಳಿದಿಟ್ಟ ಹಂಡೆಯ ಹಿಂದೆ ಸೇರಿಕೊಂಡಿತು. ಮೈಯೆಲ್ಲ ನಡುಕ, ಬಾಯಿಂದ ಜೊಲ್ಲು, ಕಣ್ಣು ಎಲ್ಲಿಯೂ ನಿಲ್ಲದು. ಬೆಳಗಿನವರೆಗೆ ಅದು ಅನ್ನ ಮುಟ್ಟಲಿಲ್ಲ.

ನೆರೆಯವರು ನಕ್ಕರು. “ಏನ್ರೀ, ಮುಧೋಳದ ಬ್ಯಾಟಿ ನಾಯಿ ಅಂತೀರಿ, ಪಟಾಕಿಗೆ ಅಂಜತದಲ್ರೀ!” ಎಂದರು. ಆ ಮಾತು ನಮಗೆ ನಾಟಿತೆಂದು ಒಪ್ಪಿಕೊಳ್ಳಲೇಬೇಕು. ಸದ್ದು ಕೇಳುತ್ತ ಕೇಳುತ್ತ ರೂಢಿಯಾದೀತು, ಮುದ್ದು ಮಾಡಿದರೆ ಅಂಜುಬುರುಕುತನ ಹೆಚ್ಚೀತು ಎಂದು ತರ್ಕಿಸಿ, ಅಮಾವಾಸ್ಯೆಯ ಸಂಜೆ ಅದನ್ನು ಅಂಗಳದಲ್ಲಿ ಕಟ್ಟಿಹಾಕಿದೆವು. ಅದು ನಮ್ಮ ಮುಖ ನೋಡಿತು. ನಾವು ಬೇಕೆಂದೇ ಬೇರೆ ಕಡೆ ನೋಡಿದೆವು. ಈ ತಳಿಯ ನಾಯಿಗಳ ತಲೆ ಕೊರಳಿಗಿಂತ ಸಪೂರ. ಸಾಮಾನ್ಯ ಕೊರಳಪಟ್ಟಿಯಿಂದ ಸುಲಭವಾಗಿ ಜಾರಿಕೊಳ್ಳುತ್ತವೆ. ದೊಡ್ಡದೊಂದು ಪಟಾಕಿ ಸಿಡಿದ ಕ್ಷಣದಲ್ಲಿ ಮೋತಿ ಪಟ್ಟಿಯನ್ನು ಕಳಚಿ, ಗೋಡೆ ಹಾರಿ, ಕತ್ತಲಲ್ಲಿ ಮಾಯವಾಯಿತು.

ಆ ವರ್ಷದ ಪಾಡ್ಯವನ್ನು ನಾವು ಹುಡುಕಾಟದಲ್ಲಿ ಕಳೆದೆವು. ಮೂರನೆಯ ದಿನ ನವಲೂರಿನ ಪೇರಲ ತೋಟವೊಂದರಲ್ಲಿ ಅದು ಸಿಕ್ಕಿತು. ತೋಟದವರು ನೀರು, ರೊಟ್ಟಿ ಕೊಟ್ಟು ಇರಿಸಿಕೊಂಡಿದ್ದರು. ನಾಲ್ಕು ಅಂಗಾಲುಗಳೂ ಹರಿದು ರಕ್ತ ಒಣಗಿತ್ತು. ನಮ್ಮನ್ನು ಕಂಡು ಮಲಗಿದ್ದಲ್ಲಿಂದಲೇ ಬಾಲ ಅಲ್ಲಾಡಿಸಿತು. ಅದು ಮುನಿಸಿಕೊಂಡಿದ್ದರೆ ನಮಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಅನಂತರ ಪಶುವೈದ್ಯರನ್ನು ಕಂಡೆವು; ದೊರೆತ ಬರಹಗಳನ್ನೂ ಓದಿದೆವು. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಸದ್ದನ್ನು ಕೇಳಬಲ್ಲುದು. ನಾಯಿಯದು 40,000ವನ್ನೂ ಮೀರಿ ಕೇಳುತ್ತದೆ. ನಮಗೆ ಕೇಳದ ಮೆಲುದನಿಯೂ ಅದಕ್ಕೆ ಕೇಳಿಸುತ್ತದೆ. ಇದಕ್ಕಿಂತ ಮುಖ್ಯವಾದ ಮಾತು ಬೇರೊಂದುಂಟು. ಪಂಚಾಂಗ ನೋಡಿ ನಾವು ಹಬ್ಬವನ್ನು ಬಲ್ಲೆವು. ಬತ್ತಿಗೆ ಕಿಡಿ ತಾಗಿದುದನ್ನು ಕಂಡು ಕಿವಿ ಮುಚ್ಚಿಕೊಳ್ಳುತ್ತೇವೆ. ನಾಯಿಗೆ ಈ ಯಾವ ಮುನ್ಸೂಚನೆಯೂ ಇಲ್ಲ. ಎದುರಿಗೆ ನಿಂತ ಶತ್ರುವನ್ನು ಅದು ಎದುರಿಸಬಲ್ಲುದು. ರೂಪವಿಲ್ಲದೆ, ದಿಕ್ಕಿಲ್ಲದೆ, ಹೊತ್ತಿಲ್ಲದೆ ಬರುವುದನ್ನು ಹೇಗೆ ಎದುರಿಸೀತು?

ರೂಢಿಯಾದೀತೆಂಬ ನಮ್ಮ ತರ್ಕದಲ್ಲಿ ದೋಷವೆಲ್ಲಿತ್ತು? ಇದಕ್ಕೆ ರಷ್ಯಾದೇಶದಿಂದ ಒಂದು ನಿದರ್ಶನವನ್ನು ಹೇಳಬಹುದು. 1924ರ ಸೆಪ್ಟೆಂಬರಿನಲ್ಲಿ ಲೆನಿನ್‌ಗ್ರಾಡ್ ನಗರಕ್ಕೆ ಮಹಾಪೂರ ಬಂದು, ವಿಜ್ಞಾನಿ ಪಾವ್ಲೋವರ ಪ್ರಯೋಗದ ನಾಯಿಗಳು ಗೂಡುಗಳಲ್ಲಿ ಮುಳುಗುವ ಸ್ಥಿತಿಯಲ್ಲಿದ್ದವು. ಅವುಗಳನ್ನು ಕಷ್ಟದಿಂದ ಉಳಿಸಿದರು. ಆದರೆ ಕೆಲವು ನಾಯಿಗಳು ಕಲಿತ ಪಾಠಗಳನ್ನೇ ಮರೆತಿದ್ದವು. ಚೇತರಿಸಿಕೊಂಡ ಮೇಲೂ ಬಾಗಿಲ ಕೆಳಗಿನಿಂದ ಸ್ವಲ್ಪ ನೀರು ಹರಿಯಬಿಟ್ಟರೆ ಸಾಕು, ಹಳೆಯ ಭೀತಿ ಮರುಕಳಿಸುತ್ತಿತ್ತು. ತಪ್ಪಿಸಿಕೊಳ್ಳಲು ದಾರಿಯಿಲ್ಲದೆ ಅನುಭವಿಸಿದ ಭಯವು ರೂಢಿಯಾಗುವುದಿಲ್ಲ, ಬೇರೂರುತ್ತದೆ. ಅಂಗಳದಲ್ಲಿ ಮೋತಿಯನ್ನು ಕಟ್ಟಿ ನಾವು ಮಾಡಿದ್ದು ಇದನ್ನೇ.

ಹಾಗಾದರೆ ಮಾಡಬೇಕಾದುದೇನು? ಆಗ ಸ್ವಿಟ್ಜರ್ಲೆಂಡಿನಲ್ಲಿದ್ದ ವಿದುಷಿ ಸ್ಟೆಫನೀ ರೀಮರ್ ಅವರು ಸಾವಿರಕ್ಕೂ ಹೆಚ್ಚು ನಾಯಿಗಳ ಒಡೆಯರನ್ನು ವಿಚಾರಿಸಿ 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯುಂಟು. ಪ್ರತಿಯೊಂದು ಸದ್ದಿನ ಬೆನ್ನಿಗೇ ನಾಯಿಗೆ ಮೆಚ್ಚಿನ ತಿನಿಸು ಕೊಡುವುದು, ಇಲ್ಲವೆ ಆಟವಾಡಿಸುವುದು ಫಲಕಾರಿಯೆಂದು, ಆ ಉಪಾಯವನ್ನು ಬಳಸಿದವರಲ್ಲಿ 100ಕ್ಕೆ 70ಕ್ಕಿಂತ ಹೆಚ್ಚು ಮಂದಿ ಹೇಳಿದರು. ಸಂತೈಸಿದರೆ ಭಯ ಹೆಚ್ಚುವುದೆಂಬ ನಂಬಿಕೆಗೆ ಆಧಾರವಿಲ್ಲ. ಔಷಧಗಳೂ ಉಂಟು, ಅವನ್ನು ಪಶುವೈದ್ಯರ ಮಾತಿನಂತೆಯೇ ಕೊಡಬೇಕು. ಕೆಲವು ಮದ್ದುಗಳು ಕೈಕಾಲನ್ನು ಕಟ್ಟಿಹಾಕುವುವೇ ಹೊರತು ಭಯವನ್ನು ನೀಗಿಸಲಾರವು. ಸುಮ್ಮನೆ ಮಲಗಿದ ನಾಯಿ ನೆಮ್ಮದಿಯಾಗಿದೆಯೆಂದು ಭಾವಿಸಬಾರದು.

ಈಗ ಹಬ್ಬದ ದಿನಗಳಲ್ಲಿ ಮೋತಿಯನ್ನು ಹಗಲಿನಲ್ಲೇ ತಿರುಗಾಡಿಸಿ ತರುತ್ತೇವೆ. ದೀಪ ಹಚ್ಚಿದ ಮೇಲೆ ನಡುಮನೆಯಲ್ಲಿ ಸಂಗೀತ ಹಾಕುತ್ತೇವೆ. ಮನೆಯವರಲ್ಲಿ ಒಬ್ಬರು ಸರದಿಯಂತೆ ಮಂಚದ ಬಳಿ ನೆಲದ ಮೇಲೆ ಕುಳಿತು, ಸದ್ದಾದಾಗಲೆಲ್ಲ ಒಂದು ಚೂರು ಗಿಣ್ಣ ಕೊಡುತ್ತೇವೆ. ಭಯ ಹೋಗಿಲ್ಲ, ಆದರೆ ಅದು ಈಗ ಬಚ್ಚಲಿಗೆ ಓಡದೆ ನಮ್ಮ ಬಳಿಗೆ ಬರುತ್ತದೆ.

ಕಾನೂನೂ ಸುಮ್ಮನೆ ಕುಳಿತಿಲ್ಲ. ಸಿಡಿಯುವಲ್ಲಿಂದ 4 ಮೀಟರು ದೂರದಲ್ಲಿ ಪಟಾಕಿಯ ಸದ್ದು 125 ಡೆಸಿಬೆಲ್ ಮೀರಕೂಡದೆಂದು 1999ರಲ್ಲಿ ಸರಕಾರವು ನಿಯಮ ಮಾಡಿತು. ದೀಪಾವಳಿಯಲ್ಲಿ ಪಟಾಕಿ ಸುಡುವ ಹೊತ್ತನ್ನು 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎರಡು ಗಂಟೆಗಳಿಗೆ ಮಿತಿಗೊಳಿಸಿತು. ಹೊತ್ತು ಗೊತ್ತಾದರೆ ನಾಯಿಯ ಮನೆಯವರಿಗೆ ಅರ್ಧ ಭಾರ ಇಳಿದಂತೆ.

ಆದರೆ ನಮ್ಮ ಓಣಿಯಲ್ಲಿ ಕಾನೂನಿಗಿಂತ ಹೆಚ್ಚು ನೆರವಾದವರು ಮಕ್ಕಳು. ಮೋತಿ ಕಳೆದುಹೋದ ದಿನ ಅವರೂ ನಮ್ಮೊಡನೆ ಹುಡುಕಿದ್ದರು. ಕಳೆದ ದೀಪಾವಳಿಯಂದು ಎದುರು ಮನೆಯ ಹುಡುಗ ಬಾಗಿಲ ಬಳಿ ನಿಂತು, “ಕಾಕಾ, ಈಗ ಹಚ್ಚತೀವ್ರಿ, ಮೋತೀನ್ನ ಒಳಗ ಕರಕೊಳ್ರಿ” ಎಂದು ಕೂಗಿದ. ನಾವು ಕರೆದುಕೊಂಡು ಕದ ಹಾಕಿದ ಮೇಲೆಯೇ ಹಚ್ಚಿದರು. ಅದೂ ಹೂಕುಂಡ, ಸುರಸುರಬತ್ತಿಗಳನ್ನು. ಕಿಟಕಿಯ ಕಂಬಳಿಯ ಸಂದಿನಿಂದ ಆ ಬೆಳಕು ಒಳಗೆ ಬಂದು ಗೋಡೆಯ ಮೇಲೆ ಆಡುತ್ತಿತ್ತು. ಮೋತಿ ತಲೆಯೆತ್ತಿ ಸ್ವಲ್ಪ ಹೊತ್ತು ಅದನ್ನೇ ನೋಡಿ, ಮತ್ತೆ ನಮ್ಮ ಮೊಣಕಾಲ ಮೇಲೆ ತಲೆಯಿಟ್ಟಿತು.

ಈ ಬಾರಿ ನಿಮ್ಮ ಓಣಿಯಲ್ಲಿಯೂ ಹಚ್ಚುವ ಮುನ್ನ ಯಾರಾದರೊಬ್ಬರು ಹಾಗೆ ಕೂಗಿ ಹೇಳಲೆಂದು ಬೇಡಿಕೊಂಡು ನಮ್ಮ ಮಾತನ್ನು ಮುಗಿಸುತ್ತೇವೆ.