ಟ್ರಂಕಿನೊಳಗಿನ ಫೋಟೋಗಳು, ಮದುವೆಯ ಕ್ಯಾಸೆಟ್ಟುಗಳು

(ರಜತ ಮಹೋತ್ಸವದ ಪೂರ್ವಭಾವಿ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಮಹೋತ್ಸವದ ಸಂಜೆ ಊರಿನ ಹಳೆಯ ಫೋಟೋ, ವಿಡಿಯೋಗಳನ್ನು ದೊಡ್ಡ ಪರದೆಯ ಮೇಲೆ ತೋರಿಸಬೇಕೆಂದು ಮಹಾಸಭೆಯಲ್ಲಿ ತೀರ್ಮಾನವಾದದ್ದು ತಮಗೆಲ್ಲ ಗೊತ್ತೇ ಇದೆ. ಆ ಕೆಲಸ ನಮ್ಮ ಐದು ಜನರ ಹೆಗಲಿಗೆ ಬಂತು. ಎರಡು ತಿಂಗಳು ಮನೆಮನೆ ತಿರುಗಿ ಕಂಡದ್ದನ್ನು, ನಾವು ಮಾಡಿದ ಒಂದು ತಪ್ಪನ್ನೂ ಸೇರಿಸಿ, ತಮ್ಮ ಮುಂದೆ ಇಡುತ್ತಿದ್ದೇವೆ.

ಹೋದಲ್ಲೆಲ್ಲ ಮೊದಲು ಒಂದೇ ಉತ್ತರ: "ನಮ್ಮಲ್ಲಿ ಎಂಥ ಫೋಟೋ ಮಾರಾಯ್ರೇ, ಏನೂ ಇಲ್ಲ." ಕಾಫಿ ಕುಡಿದು ಏಳುವ ಹೊತ್ತಿಗೆ ಅಜ್ಜಿ ಒಳಗಿನಿಂದ ಟ್ರಂಕು ಎಳೆದುಕೊಂಡು ಬರುವುದು! ಸೀರೆಯ ಅಡಿಯಲ್ಲಿ, ಪಹಣಿ ಪತ್ರ, ಪಾಸ್‌ಬುಕ್ಕುಗಳ ನಡುವೆ ಫೋಟೋಗಳು. ಅಜ್ಜನ ಕಾಲದ ಕಪ್ಪು-ಬಿಳುಪಿನವು ಎಷ್ಟೋ ಗಟ್ಟಿಯಾಗಿವೆ. 1980ರ ಆಚೀಚಿನ ಕಲರ್ ಫೋಟೋಗಳೇ ಕೆಂಪಡರಿ ಹೋಗಿವೆ. ಕಪ್ಪು-ಬಿಳುಪಿನಲ್ಲಿ ಚಿತ್ರ ಮೂಡುವುದು ಬೆಳ್ಳಿಯಿಂದ, ಕಲರ್‌ನಲ್ಲಿ ಬಣ್ಣಗಳಿಂದ. ಬಣ್ಣ ಬೇಗ ಮಾಸುತ್ತದೆ, ಬೆಳ್ಳಿ ಬಾಳುತ್ತದೆ. ರಜತ ಮಹೋತ್ಸವದವರು ಕೇಳಿ ಖುಷಿಪಡಬೇಕಾದ ವಿಷಯ.

ಸಂಘಕ್ಕೆ ಮೊದಲ ವರ್ಷವೇ ಹಾಲು ಹಾಕಿದವರೊಬ್ಬರು ಬಹಳ ಹಿಂದೆಯೇ ತೀರಿಹೋದರು. ಅವರದ್ದು ಇರುವುದು ಒಂದೇ ಫೋಟೋ, ಅದೂ ಮಳೆಗಾಲದ ಥಂಡಿಗೆ ಕಟ್ಟಿನ ಗಾಜಿಗೆ ಅಂಟಿಕೊಂಡಿದೆ. ಮಗ "ತೆಗೆದು ಕ್ಲೀನ್ ಮಾಡಿಬಿಡುವಾ" ಅಂದ. ಅಮ್ಮ ಕೈಬಿಡಲಿಲ್ಲ. ಅಮ್ಮನದೇ ಸರಿ. ಎಳೆದರೆ ಚಿತ್ರದ ಪದರ ಗಾಜಿನಲ್ಲೇ ಉಳಿಯುತ್ತದೆ. ಗಾಜಿನ ಸಮೇತವೇ ಸ್ಕ್ಯಾನ್ ಮಾಡಿದೆವು. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ತೋರಿಸಿದಾಗ ಆಕೆ ತುಂಬಾ ಹೊತ್ತು ನೋಡಿ, "ಜೇಬಲ್ಲಿ ಬೀಡಿ ಕಟ್ಟು ಉಂಟಲ್ಲ! ಬಿಟ್ಟಿದ್ದೇನೆ ಅಂತ ಆಣೆ ಹಾಕಿದ್ರು" ಅಂದು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡರು.

ಕ್ಯಾಸೆಟ್ಟಿನ ವಿಷಯದಲ್ಲಿ ಮಾತ್ರ ನಾವು ತಲೆ ತಗ್ಗಿಸಬೇಕು. 1994ರ ಒಂದು ಮದುವೆಯ ವಿ.ಎಚ್.ಎಸ್. ಕ್ಯಾಸೆಟ್. ಕಿಟಕಿಯಂಥ ಜಾಗದಲ್ಲಿ ಟೇಪಿನ ಅಂಚಿಗೆ ಬಿಳಿ ಪುಡಿ ಕಾಣುತ್ತಿತ್ತು. ಧೂಳಿರಬೇಕೆಂದು ಹಾಗೇ ವಿ.ಸಿ.ಆರ್.ಗೆ ಹಾಕಿದೆವು. ಅದು ಧೂಳಲ್ಲ, ಬೂಷ್ಟು. ಟೇಪು ಅಂಟಿ, ಸುತ್ತಿಕೊಂಡು, ತುಂಡಾಯಿತು. ಕಳೆದುಹೋದದ್ದು ಧಾರೆಯ ಭಾಗ, ಹುಡುಗಿಯ ಅಪ್ಪ ಮಾತಾಡಿದ್ದು ಅಲ್ಲಿ ಮಾತ್ರ. ಅವರು ಈಗ ಇಲ್ಲ. ಮನೆಯವರು "ಹೋಗ್ಲಿ ಬಿಡಿ, ಬೇಕಂತ ಮಾಡಿದ್ದಲ್ಲವಲ್ಲ" ಅಂದರು. ಆ ಮಗಳು ಮಾತ್ರ ಏನೂ ಹೇಳದೆ ಒಳಗೆ ಹೋದಳು. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ದಯವಿಟ್ಟು ಯಾರೂ ಹಾಕಿ ನೋಡಬೇಡಿ. ಅದನ್ನು ಬಲ್ಲವರಿಂದ ಒರೆಸಿಯೇ ನಡೆಸಬೇಕು. ಇಲ್ಲವಾದರೆ ಯಂತ್ರದೊಳಗಿನ ಬೂಷ್ಟು ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲೇ ಅದನ್ನು ನಿಲ್ಲಿಸಿತು. ಇರುವ ಯಂತ್ರ ಕೆಟ್ಟರೆ ಹೊಸತು ಸಿಗದು. ಮೂರು ಗಂಟೆಯ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಲು ಮೂರು ಗಂಟೆಯೇ ಬೇಕು, ಬೇಗ ಆಗುವ ದಾರಿಯಿಲ್ಲ.

ಇನ್ನೊಂದು ಸಂಗತಿ. ಕೂಲಿ ಕೆಲಸದವರ ಕೇರಿಯಲ್ಲಿ ಟ್ರಂಕಿನಲ್ಲೂ ಫೋಟೋ ಇರಲಿಲ್ಲ. ಕ್ಯಾಮೆರಾ ಆ ಕಡೆ ಹೋಗಿದ್ದರೆ ತಾನೆ? ಆದರೆ ಅವರು ಬೇರೆಯವರ ಮದುವೆ ಫೋಟೋಗಳ ಅಂಚಿನಲ್ಲಿದ್ದಾರೆ: ಬಾಳೆಗೊನೆ ಹೊತ್ತವರು, ಕೊಪ್ಪರಿಗೆ ಇಳಿಸುತ್ತಿರುವವರು. ಆ ಮೂಲೆಗಳನ್ನಷ್ಟೇ ದೊಡ್ಡದು ಮಾಡಿ, ಪ್ರಿಂಟ್ ಹಾಕಿಸಿ, ಕೇರಿಗೆ ಒಯ್ದು "ಇವರು ಯಾರು?" ಅಂತ ಕೇಳಿದೆವು. ದಿಬ್ಬಣದಲ್ಲಿ ತಲೆಯ ಮೇಲೆ ಗ್ಯಾಸ್‌ಲೈಟು ಹೊತ್ತ ಒಬ್ಬರನ್ನು ನೋಡಿ, ಅರವತ್ತು ದಾಟಿದ ಸದಸ್ಯರೊಬ್ಬರು "ನಮ್ಮಪ್ಪ" ಅಂದರು. ತಂದೆಯ ಮುಖವನ್ನು ಫೋಟೋದಲ್ಲಿ ಅವರು ನೋಡಿದ್ದು ಅದೇ ಮೊದಲು. ಮುಖದ ಅರ್ಧ ದೀಪದ ಬೆಳಕಿಗೆ ಬೆಳ್ಳಗಾಗಿದೆ, ಇನ್ನರ್ಧ ಚೆನ್ನಾಗಿ ಕಾಣುತ್ತದೆ. ಆ ಫೋಟೋ ಪರದೆಯ ಮೇಲೆ ಮೊದಲು ಬರಬೇಕೆಂಬುದು ನಮ್ಮ ಐವರ ಅಭಿಪ್ರಾಯ, ನಿರ್ದೇಶಕರು ಒಪ್ಪಬೇಕು.

ಕೆಲವರು "ಇದು ನಕಲು ತೆಗೀರಿ, ಆದ್ರೆ ಎಲ್ಲರೆದುರು ತೋರಿಸ್ಬೇಡಿ" ಅಂದಿದ್ದಾರೆ. ತೋರಿಸುವುದಿಲ್ಲ. ಕಾರಣ ಕೇಳಿಲ್ಲ, ಕೇಳುವುದೂ ಇಲ್ಲ.

ದೂರದಲ್ಲಿರುವ ಮಕ್ಕಳು ಕಳಿಸುವುದಾದರೆ, ವಾಟ್ಸಾಪಿನಲ್ಲಿ ಮಾಮೂಲಿ ಫೋಟೋದಂತೆ ಕಳಿಸಬಾರದು, ಅದು ಚಿತ್ರವನ್ನು ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಲಿ. ನಾವು ಸಾಮಾನ್ಯ ಫೋಟೋಗಳನ್ನು 600 ಡಿ.ಪಿ.ಐ.ಯಲ್ಲಿ, ಸ್ಟ್ಯಾಂಪ್ ಸೈಜಿನವನ್ನು 1200ರಲ್ಲಿ ಸ್ಕ್ಯಾನ್ ಮಾಡುತ್ತಿದ್ದೇವೆ. ಒಂದು ಪ್ರತಿ ಸಂಘದ ಕಂಪ್ಯೂಟರಿನಲ್ಲಿ, ಒಂದು ಹಾರ್ಡ್ ಡಿಸ್ಕಿನಲ್ಲಿ, ಮತ್ತೊಂದು ಊರ ಹೊರಗೆ ಇರುತ್ತದೆ. ಮೂಲ ಫೋಟೋ ಅದೇ ದಿನ ವಾಪಸ್. ನಕಲು ಆಯಿತೆಂದು ಅದನ್ನು ಎಸೆಯಬೇಡಿ. ನೆಗೆಟಿವ್ ಇದ್ದರೆ ಅದನ್ನೂ ತನ್ನಿ.

ಪ್ರತಿ ಭಾನುವಾರ ಬೆಳಗಿನ ಹಾಲು ಅಳೆದಾದ ಮೇಲೆ ಸಂಘದ ಕಟ್ಟಡದಲ್ಲಿ ಇರುತ್ತೇವೆ. ಹೆಸರನ್ನು ಫೋಟೋದ ಹಿಂದೆ ಬಾಲ್‌ಪೆನ್ನಿನಿಂದ ಒತ್ತಿ ಬರೆಯಬೇಡಿ, ಮುಂದಕ್ಕೆ ಅಚ್ಚು ಮೂಡುತ್ತದೆ; ಬೇರೆ ಚೀಟಿಯಲ್ಲಿ ಬರೆಯಿರಿ. ಬರೆಯಲು ಹೆಸರೇ ತಿಳಿಯದಿದ್ದರೆ ಮನೆಯ ಹಿರಿಯರನ್ನು ಜೊತೆಗೇ ಕರೆದುಕೊಂಡು ಬನ್ನಿ. ಕುರ್ಚಿ ಹಾಕಿರುತ್ತೇವೆ, ಕಾಫಿಯೂ ಉಂಟು.